ಹೊಲವೂ ಉಳಿಯಬೇಕು, ಪಾಲೂ ಸಲ್ಲಬೇಕು

ಹಿರಿಯರು ಬಿಟ್ಟುಹೋದ ಭೂಮಿಯನ್ನು ಮಾರಬಾರದೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೆ ಹಾಗೆ ಉಳಿಸಿಕೊಂಡ ಭೂಮಿಗೆ ಮನೆಯವರ ಪೈಕಿ ಯಾರು ಬೆಲೆ ತೆರುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ದಂಪತಿಗಳು ಅರವತ್ತು ದಾಟುವವರೆಗೂ ಕೇಳಿಕೊಂಡಿರಲಿಲ್ಲ. ಅದನ್ನು ಕೇಳಿಕೊಳ್ಳುವಂತೆ ಮಾಡಿದ್ದು ಅಮೆರಿಕದ ಕೊಲೊರಾಡೊ ರಾಜ್ಯದ ಒಂದು ಹುಲ್ಲುಗಾವಲು. ಆ ಅನುಭವವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಉಚಿತವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಾವು ಧಾರವಾಡದವರು. ಇಬ್ಬರೂ ಶಾಲಾ ಶಿಕ್ಷಕರಾಗಿ ನಿವೃತ್ತರಾದವರು. ಊರ ಹೊರಗಿನ ಬೈಪಾಸ್ ರಸ್ತೆಯಿಂದ ಅನತಿ ದೂರದಲ್ಲಿ ನಮ್ಮ ತಂದೆಯವರು ಬಿಟ್ಟುಹೋದ ಹದಿನಾಲ್ಕು ಎಕರೆ ಎರೆಭೂಮಿ ಇದೆ. ಹಿಂಗಾರಿನಲ್ಲಿ ಜೋಳ, ಕಡಲೆ ಬರುತ್ತದೆ. 2016ರಲ್ಲಿ ತಂದೆಯವರು ಲಿಂಗೈಕ್ಯರಾದ ಬಳಿಕ ಆ ಹೊಲಕ್ಕೆ ನಾವು ಮತ್ತು ಹುಬ್ಬಳ್ಳಿಗೆ ಕೊಟ್ಟ ನಮ್ಮ ತಂಗಿ ಇಬ್ಬರೇ ವಾರಸುದಾರರು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇದೆಯೆಂಬುದು ನಮಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. 2021ರಲ್ಲಿ ಲೇಔಟ್ ಮಾಡುವವರೊಬ್ಬರು ದಲಾಲರ ಮೂಲಕ ಬೆಲೆ ಹೇಳಿಕಳುಹಿಸಿದರು. ಅದೇ ಹೊತ್ತಿಗೆ ತಂಗಿಯ ಯಜಮಾನರ ವ್ಯಾಪಾರ ಕುಸಿದು, ಮಗಳ ಇಂಜಿನಿಯರಿಂಗ್ ಓದಿಗೆ ಹಣದ ಅಡಚಣೆಯಾಗಿತ್ತು. ಆಕೆ ತನ್ನ ಪಾಲನ್ನು ಕೇಳಿದಳು. ಅಪ್ಪ ಉತ್ತ ಹೊಲವನ್ನು ಸೈಟು ಮಾಡಿ ಮಾರುವುದೇ ಎಂದು ನಾವು ನೊಂದುಕೊಂಡೆವು, ಆಕೆಯನ್ನೂ ನೋಯಿಸಿದೆವು. ಎರಡು ವರ್ಷ ಹಬ್ಬಕ್ಕೆ ಬರುವುದು ಹೋಗುವುದು ನಿಂತುಹೋಯಿತು.

ಇಂಥ ಮನಃಸ್ಥಿತಿಯಲ್ಲಿಯೇ 2023ರ ಬೇಸಿಗೆಯಲ್ಲಿ ಮಗನ ಮನೆಗೆಂದು ಕೊಲೊರಾಡೊದ ಫೋರ್ಟ್ ಕಾಲಿನ್ಸ್ ನಗರಕ್ಕೆ ಹೋದೆವು. ಅದು ಲಾರಿಮರ್ ಎಂಬ ಕೌಂಟಿಯ ಮುಖ್ಯ ಪಟ್ಟಣ. ಕೌಂಟಿಯೆಂದರೆ ಸುಮಾರಾಗಿ ನಮ್ಮ ಜಿಲ್ಲೆ ಇದ್ದಂತೆ. ಆದರೆ ಅದರ ಆಡಳಿತ ಜನರು ಆರಿಸಿದ ಮೂವರು ಕಮಿಷನರುಗಳ ಕೈಯಲ್ಲಿರುತ್ತದೆ, ಮತ್ತು ತೆರಿಗೆ ಹೆಚ್ಚಿಸಬೇಕಾದರೆ ಮತದಾರರನ್ನೇ ಕೇಳಬೇಕು. ನಗರದ ಪಶ್ಚಿಮಕ್ಕೆ ರಾಕಿ ಪರ್ವತಗಳು, ಪೂರ್ವಕ್ಕೆ ಕಣ್ಣು ಹರಿಯುವಷ್ಟು ಬಯಲು, ನಡುವೆ ಕಾಷ್ ಲಾ ಪೂಡರ್ ಎಂಬ ನದಿ. ಬೆಟ್ಟದ ತಪ್ಪಲಿನಲ್ಲಿ ಮೈಲಿಗಟ್ಟಲೆ ಹುಲ್ಲುಗಾವಲು, ಮುಳ್ಳುತಂತಿಯ ಬೇಲಿ, ಅಲ್ಲಲ್ಲಿ ಕಪ್ಪು ದನಗಳು. ಇಷ್ಟು ಬೆಳೆಯುತ್ತಿರುವ ನಗರದ ಮಗ್ಗುಲಲ್ಲಿ ಇಷ್ಟೊಂದು ನೆಲ ಹೇಗೆ ಖಾಲಿ ಉಳಿದಿದೆ ಎಂದು ನಾವು ಮಗನನ್ನು ಕೇಳಿದೆವು.

ಉತ್ತರ ದೊರೆತದ್ದು ಅಂಗಡಿಯಲ್ಲಿ. ಅಲ್ಲಿಯ ಸಂಜೆಯ ಚಳಿಗೆಂದು ಎಂಬತ್ತು ಡಾಲರಿನ ಒಂದು ಕೋಟು ಕೊಂಡೆವು. ಸೊಸೆ ನಗುತ್ತ, "ಅತ್ತೀ, ಈ ಕೋಟಿನ ತೆರಿಗೆಯೊಳಗ ಇಪ್ಪತ್ತು ಸೆಂಟು ಹುಲ್ಲು ಉಳಿಸಾಕ ಹೋಗತದ" ಎಂದಳು. ಮೊದಲು ಅದನ್ನು ಹಾಸ್ಯವೆಂದುಕೊಂಡೆವು. ಆದರೆ ಮಾತು ನಿಜ. 1995ರಲ್ಲಿ ಲಾರಿಮರ್ ಕೌಂಟಿಯ ಮತದಾರರು, ಬಯಲುಭೂಮಿಯನ್ನು ರಕ್ಷಿಸುವುದಕ್ಕಾಗಿ ನೂರು ಡಾಲರ್ ಮಾರಾಟಕ್ಕೆ ಇಪ್ಪತ್ತೈದು ಸೆಂಟಿನಂತೆ ತಾವೇ ತಮ್ಮ ಮೇಲೆ ಒಂದು ಮಾರಾಟ ತೆರಿಗೆಯನ್ನು ಹಾಕಿಕೊಂಡರು. 1999ರಲ್ಲಿ ಅದನ್ನು ಮುಂದುವರಿಸಿದರು; 2014ರಲ್ಲಿ ಮತ್ತೊಮ್ಮೆ ಮತ ಹಾಕಿ 2043ರವರೆಗೆ ವಿಸ್ತರಿಸಿದರು. ಆ ಹಣದಲ್ಲಿ ಸ್ವಲ್ಪ ಭಾಗದಿಂದ ಜನರು ನಡೆದಾಡುವ ಸಾರ್ವಜನಿಕ ಬಯಲುಗಳನ್ನು ಕೊಳ್ಳುತ್ತಾರೆ. ಇನ್ನೊಂದಿಷ್ಟು ಹಣದಿಂದ ರೈತನ ಭೂಮಿಯನ್ನು ಕೊಳ್ಳದೆ, ಅದರ ಮೇಲಿನ ಒಂದು ಹಕ್ಕನ್ನು ಮಾತ್ರ ಕೊಳ್ಳುತ್ತಾರೆ. ಅದಕ್ಕೆ ಕನ್ಸರ್ವೇಶನ್ ಈಸ್‌ಮೆಂಟ್ ಎಂದು ಹೆಸರು.

ಈಸ್‌ಮೆಂಟ್ ಎಂಬ ಪದ ನಮ್ಮ ಕೋರ್ಟು ಕಚೇರಿಗಳಿಗೂ ಹೊಸದಲ್ಲ. ಪಕ್ಕದವರ ಬದುವಿನ ಮೇಲೆ ನಮ್ಮ ಚಕ್ಕಡಿ ಹೋಗುವ ದಾರಿಯ ಹಕ್ಕು ಒಂದು ಈಸ್‌ಮೆಂಟ್. ನೆಲ ಅವರದು, ದಾರಿ ನಮ್ಮದು. ಅವರು ಹೊಲವನ್ನು ಯಾರಿಗೆ ಮಾರಿದರೂ ದಾರಿ ಅಳಿಯುವುದಿಲ್ಲ. ಇದನ್ನೇ ಬೇರೊಂದು ದಿಕ್ಕಿನಿಂದ ನೋಡಬೇಕು. ಭೂಮಿಯ ಒಡೆತನವೆಂಬುದು ಒಂದು ಹೊರೆ ಕಟ್ಟಿಗೆಯಿದ್ದಂತೆ. ಉಳುವ ಹಕ್ಕು, ಮೇಯಿಸುವ ಹಕ್ಕು, ಮಾರುವ ಹಕ್ಕು, ಮಕ್ಕಳಿಗೆ ಬಿಟ್ಟುಹೋಗುವ ಹಕ್ಕು, ತುಂಡು ಮಾಡಿ ಮನೆ ಕಟ್ಟಿಸುವ ಹಕ್ಕು ಎಲ್ಲವೂ ಅದರಲ್ಲಿವೆ. ಈ ಕೊನೆಯ ಕಟ್ಟಿಗೆಯೊಂದನ್ನು ಮಾಲೀಕನು ಹೊರೆಯಿಂದ ತೆಗೆದು ಕೌಂಟಿಗೆ ಅಥವಾ ಭೂರಕ್ಷಣೆಯ ಟ್ರಸ್ಟ್ ಒಂದಕ್ಕೆ ಮಾರುತ್ತಾನೆ. ಕೊಂಡವರು ಅಲ್ಲಿ ಮನೆ ಕಟ್ಟುವುದಿಲ್ಲ. ಯಾರೂ ಕಟ್ಟದಂತೆ ಕಾಯುತ್ತಾರೆ. ಉಳಿದ ಹಕ್ಕುಗಳೆಲ್ಲ ಮಾಲೀಕನ ಬಳಿಯೇ ಇರುತ್ತವೆ. ಆತ ಕಂದಾಯ ಕಟ್ಟುತ್ತಾನೆ, ಬೇಲಿ ರಿಪೇರಿ ಮಾಡಿಸುತ್ತಾನೆ, ಬೇಕೆಂದರೆ ಮಾರುತ್ತಾನೆ. ಆದರೆ ಕೊಂಡವನು, ಆತನಿಂದ ಮುಂದೆ ಕೊಂಡವನು, ಆತನ ಮಕ್ಕಳು ಎಲ್ಲರೂ ಆ ನಿರ್ಬಂಧಕ್ಕೆ ಒಳಪಟ್ಟವರೇ.

ಬೆಲೆ ಕಟ್ಟುವ ರೀತಿಯೂ ಸರಳವಾಗಿದೆ. ಉದಾಹರಣೆಗೆ, ಮನೆ ಕಟ್ಟಲು ಮುಕ್ತವಾಗಿರುವ ಭೂಮಿಗೆ ಮಾರುಕಟ್ಟೆಯಲ್ಲಿ ಹತ್ತು ಲಕ್ಷ ಡಾಲರ್ ಬರುತ್ತದೆ, ಬರೀ ಮೇವಿನ ನೆಲವಾದರೆ ನಾಲ್ಕು ಲಕ್ಷ ಬರುತ್ತದೆ ಎಂದಿಟ್ಟುಕೊಳ್ಳಿ. ನಡುವಿನ ಆರು ಲಕ್ಷವೇ ಆ ಹಕ್ಕಿನ ಬೆಲೆ. ಅದನ್ನು ಪರಿಣತ ಮೌಲ್ಯಮಾಪಕರು ನಿರ್ಧರಿಸುತ್ತಾರೆ. ಎಷ್ಟೋ ಸಲ ಕೌಂಟಿಯು ಅದರಲ್ಲಿ ಒಂದು ಭಾಗವನ್ನು ಕೊಡುತ್ತದೆ. 1992ರಲ್ಲಿ ಜನರ ಮತದಿಂದಲೇ ರೂಪುಗೊಂಡು ರಾಜ್ಯದ ಲಾಟರಿಯ ಹಣದಿಂದ ನಡೆಯುವ ‘ಗ್ರೇಟ್ ಔಟ್‌ಡೋರ್ಸ್ ಕೊಲೊರಾಡೊ’ ಎಂಬ ನಿಧಿ ಇನ್ನೊಂದು ಭಾಗವನ್ನು ಕೊಡಬಹುದು. ಉಳಿದುದನ್ನು ಮಾಲೀಕನೇ ದಾನವೆಂದು ಬಿಟ್ಟುಕೊಟ್ಟು ಆದಾಯ ತೆರಿಗೆಯಲ್ಲಿ ರಿಯಾಯಿತಿ ಪಡೆಯುತ್ತಾನೆ. ಇಂಥ ಖರೀದಿಯನ್ನು ಮೊದಲು ಕೈಗೊಂಡ ಕೌಂಟಿ ನ್ಯೂಯಾರ್ಕ್ ರಾಜ್ಯದ ಸಫೋಕ್. ಅಲ್ಲಿ 1974ರಲ್ಲಿ ಆಲೂಗಡ್ಡೆ ಬೆಳೆಯುವ ಹೊಲಗಳನ್ನು ಉಳಿಸಲು ಆರಂಭವಾದ ಪ್ರಯೋಗ ಬಳಿಕ ದೇಶದ ಹಲವೆಡೆ ಹಬ್ಬಿತು. ಕೊಲೊರಾಡೊದಲ್ಲಿ ದನ ಸಾಕುವವರ ಸಂಘವೇ 1995ರಲ್ಲಿ ತನ್ನದೊಂದು ಭೂ ಟ್ರಸ್ಟನ್ನು ಸ್ಥಾಪಿಸಿತು.

ಮಗನ ಸಹೋದ್ಯೋಗಿಯೊಬ್ಬರ ಅತ್ತೆಮನೆಯವರು ನಗರದ ಉತ್ತರಕ್ಕೆ ಹಲವು ಮೈಲಿ ದೂರದ ತಪ್ಪಲಿನಲ್ಲಿ ರ‍್ಯಾಂಚ್ ನಡೆಸುವವರು. ಒಂದು ಭಾನುವಾರ ಅವರು ನಮ್ಮನ್ನು ಊಟಕ್ಕೆ ಕರೆದರು. ಅಲ್ಲಿ ದನ ಸಾಕುವುದು ಮಾಂಸಕ್ಕಾಗಿ ಎಂಬುದನ್ನು ನೆನೆದು ನಮ್ಮ ಮನಸ್ಸು ಹಿಂಜರಿದದ್ದನ್ನು ಮುಚ್ಚಿಡುವುದಿಲ್ಲ. ಆದರೆ ಆ ತಾಯಿ ನಮ್ಮ ಆಹಾರಕ್ರಮವನ್ನು ಮೊದಲೇ ವಿಚಾರಿಸಿ ತಿಳಿದುಕೊಂಡು, ಬೇರೆ ಪಾತ್ರೆಗಳಲ್ಲಿ ಅವರೆಯಂಥ ಕಾಳಿನ ಸಾರು, ಬೇಯಿಸಿದ ಜೋಳದ ತೆನೆ, ಬಿಸಿ ರೊಟ್ಟಿ, ಸೇಬಿನ ಸಿಹಿ ತಿನಿಸು ಮಾಡಿಟ್ಟಿದ್ದರು. ಅತಿಥಿಯ ಮನಸ್ಸನ್ನು ಅರಿಯುವ ಗುಣಕ್ಕೆ ದೇಶದ ಗಡಿಯಿಲ್ಲ.

ಮನೆಯ ಯಜಮಾನರಿಗೆ ಎಪ್ಪತ್ತೈದರ ಸುಮಾರು ವಯಸ್ಸು. ಊಟದ ಬಳಿಕ ಅವರು ತಮ್ಮ ವಾಹನದಲ್ಲಿ ನಮ್ಮನ್ನು ಕೂರಿಸಿಕೊಂಡು ಹೊಲ ತೋರಿಸಿದರು. ಅವರ ತಾತನ ಕಾಲದಲ್ಲಿ ತೋಡಿದ ಕಾಲುವೆಯ ನೀರು ಹುಲ್ಲಿನ ಮಡಿಗಳಿಗೆ ಹರಿಯುತ್ತಿತ್ತು. ಕೊಲೊರಾಡೊದಲ್ಲಿ ನೀರಿನ ಹಕ್ಕು ಭೂಮಿಯಿಂದ ಬೇರೆಯಾದ ಆಸ್ತಿ. ಮೊದಲು ಬಳಸಿದವನಿಗೆ ಮೊದಲ ಹಕ್ಕು. ನಗರಗಳು ಬೆಳೆದಂತೆ ಹಳೆಯ ರೈತರ ನೀರನ್ನು ಕೊಂಡು, ಹೊಲಗಳನ್ನು ಒಣಗಲು ಬಿಟ್ಟ ನಿದರ್ಶನಗಳು ಆ ರಾಜ್ಯದಲ್ಲಿ ಇವೆ. ಆದುದರಿಂದ ತಮ್ಮ ಕರಾರಿನಲ್ಲಿ ಕಾಲುವೆಯ ನೀರನ್ನೂ ನೆಲಕ್ಕೆ ಕಟ್ಟಿಹಾಕಿದ್ದೇವೆ, ನೀರು ಮಾರಿ ನೆಲ ಮಾತ್ರ ಉಳಿಸುವಂತಿಲ್ಲ ಎಂದು ಅವರು ವಿವರಿಸಿದರು.

ಬೆಟ್ಟದ ಓರೆಯಲ್ಲಿ, ಅವರ ಬೇಲಿಯಾಚೆ, ದೂರದೂರಕ್ಕೆ ಒಂದೊಂದರಂತೆ ದೊಡ್ಡ ಮನೆಗಳು ಕಾಣುತ್ತಿದ್ದವು. ಅದೂ ಹಿಂದೆ ಒಂದೇ ರ‍್ಯಾಂಚ್ ಆಗಿತ್ತಂತೆ. 1972ರ ರಾಜ್ಯದ ಕಾನೂನಿನಂತೆ ಭೂಮಿಯನ್ನು 35 ಎಕರೆ ಅಥವಾ ಅದಕ್ಕಿಂತ ದೊಡ್ಡ ತುಂಡುಗಳಾಗಿ ಒಡೆದರೆ ಲೇಔಟಿಗೆ ಬೇಕಾದ ಕೌಂಟಿಯ ಮಂಜೂರಾತಿ ಬೇಕಾಗುವುದಿಲ್ಲ. ಹೀಗಾಗಿ ರ‍್ಯಾಂಚುಗಳು ಮೂವತ್ತೈದು ಮೂವತ್ತೈದು ಎಕರೆಯ ತುಂಡುಗಳಾಗಿ ಕರಗತೊಡಗಿದವು. ಒಂದು ಮನೆಗೆ ಅಷ್ಟು ನೆಲ ಅತಿ ಹೆಚ್ಚು. ದನ ಸಾಕಿ ಬದುಕುವುದಕ್ಕೆ ಅತಿ ಕಡಿಮೆ.

ಅವರ ಮನೆಯಲ್ಲಿಯೂ ಅದೇ ಆಗುವುದರಲ್ಲಿತ್ತು. ತಂದೆ ತೀರಿಕೊಂಡಾಗ ಮಕ್ಕಳು ಮೂವರು. ಇವರು ಹೊಲದಲ್ಲಿಯೇ ನಿಂತವರು. ತಮ್ಮ ದೂರದ ಊರಿನಲ್ಲಿ ಅಂಗಡಿ ಇಟ್ಟವರು. ತಂಗಿ ಡೆನ್ವರ್ ನಗರದ ಆಸ್ಪತ್ರೆಯೊಂದರಲ್ಲಿ ದಾದಿ. ದನಗಳಿಂದ ಬರುವ ವರಮಾನದಲ್ಲಿ ಇನ್ನಿಬ್ಬರ ಪಾಲಿನ ಬೆಲೆ ತೆರುವುದು ಇವರ ಜನ್ಮದಲ್ಲಿ ಆಗದ ಮಾತು. ಆಗ ಅವರು ಕೌಂಟಿಗೆ ಅರ್ಜಿ ಕೊಟ್ಟರು. ಅಳತೆ, ಹಕ್ಕುಪತ್ರಗಳ ಶೋಧನೆ, ಭೂಗರ್ಭದ ಖನಿಜದ ಹಕ್ಕು ಯಾರದೆಂಬ ತಪಾಸಣೆ, ಮೌಲ್ಯಮಾಪನ ಎಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕೊನೆಗೆ ಬಂದ ಹಣವನ್ನು ತಮ್ಮನಿಗೂ ತಂಗಿಗೂ ಕೊಟ್ಟು ಭೂಮಿಯನ್ನು ಇಡಿಯಾಗಿ ಉಳಿಸಿಕೊಂಡರು. ಮಗಳಿಗೆಂದು ಒಂದು ಮನೆಯ ಸ್ಥಳವನ್ನು ಮಾತ್ರ ಕರಾರಿನಲ್ಲಿ ಕಾದಿರಿಸಿಕೊಂಡಿದ್ದಾರೆ. ಸಹಿಯಾದ ದಿನ ಹೊಲ ಹೇಗಿತ್ತು ಎಂಬುದಕ್ಕೆ ನಕಾಶೆ, ಛಾಯಾಚಿತ್ರಗಳ ಒಂದು ಕಡತವಿದೆ. ವರ್ಷಕ್ಕೊಮ್ಮೆ ಒಬ್ಬರು ಬಂದು ಆ ಕಡತ ಹಿಡಿದು ಹೊಲವನ್ನೆಲ್ಲ ಸುತ್ತಿ ನೋಡಿ ಹೋಗುತ್ತಾರೆ.

ನಾವು ತಡೆಯದೆ ಕೇಳಿಯೇಬಿಟ್ಟೆವು: ತಾತನ ಭೂಮಿಯ ಮೇಲೆ ಪಾಲು ಕೇಳಿದ ತಂಗಿಯ ಬಗ್ಗೆ ನಿಮಗೆ ಬೇಸರವಾಗಲಿಲ್ಲವೇ? ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ವಾಹನ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಹೇಳಿದರು: "ಮೊದಮೊದಲು ಆಯಿತು. ಆದರೆ ನನಗೆ ಈ ಹೊಲದಲ್ಲಿ ದಿನ ಬೆಳಗಾದರೆ ಕೆಲಸವಿದೆ, ಮನೆಯಿದೆ, ಈ ಬೆಟ್ಟವಿದೆ. ಅವಳ ಪಾಲು ಬರೀ ಹುಲ್ಲಾಗಿಯೇ ಉಳಿದಿದ್ದರೆ ಡೆನ್ವರಿನಲ್ಲಿ ಕುಳಿತು ಅವಳು ಅದನ್ನು ಏನು ಮಾಡಬೇಕಿತ್ತು? ಅಪ್ಪ ಅವಳಿಗೂ ಅಪ್ಪನೇ ಅಲ್ಲವೇ?"

ಮಗ ಕನ್ನಡಕ್ಕೆ ತಿರುಗಿಸುತ್ತ ನಮ್ಮ ಮುಖ ನೋಡಲಿಲ್ಲ. ನಾವೂ ಅವನ ಮುಖ ನೋಡಲಿಲ್ಲ. ಮರಳಿ ಬರುವಾಗ ಹುಬ್ಬಳ್ಳಿಯ ಮಾತೇ ನಮ್ಮಿಬ್ಬರ ಕಿವಿಯಲ್ಲಿತ್ತು. ಎರಡು ವರ್ಷದ ಹಿಂದೆ ತಂಗಿ ಹೇಳಿದ್ದಳು: "ಅಣ್ಣಾ, ವೈನೀ, ಹೊಲದ ಮ್ಯಾಲೆ ನಿಮಗೆಷ್ಟು ಪ್ರೀತಿನೋ ನನಗೂ ಅಷ್ಟ ಪ್ರೀತಿ ಐತಿ. ಆದರ ಪ್ರೀತಿ ತೋರಿಸಿ ಮಗಳ ಕಾಲೇಜಿನ ಫೀ ತುಂಬಾಕ ಬರೂದಿಲ್ಲ." ಆಗ ನಮಗೆ ಅದು ಒರಟು ಮಾತಾಗಿ ಕೇಳಿಸಿತ್ತು. ಪಿತ್ರಾರ್ಜಿತದ ಅಭಿಮಾನವೆಂದು ನಾವು ಹೇಳಿಕೊಳ್ಳುತ್ತಿದ್ದುದರ ಖರ್ಚನ್ನೆಲ್ಲ ಆಕೆಯೊಬ್ಬಳೇ ಹೊರುತ್ತಿದ್ದಳು.

ಈ ವ್ಯವಸ್ಥೆಯಲ್ಲಿ ಕುಂದುಗಳೇ ಇಲ್ಲವೆಂದು ಹೇಳುವುದು ಸರಿಯಲ್ಲ. ತಾವು ಕಾಲಿಡಲೂ ಆಗದ ಖಾಸಗಿ ಹುಲ್ಲುಗಾವಲಿಗೆ ನಗರದವರೇಕೆ ಹಣ ಕೊಡಬೇಕೆಂದು ಕೇಳುವವರು ಅಲ್ಲಿಯೂ ಇದ್ದಾರೆ. ಮನೆಗಳು ಬೆಟ್ಟದ ತುಂಬ ಚದುರಿದರೆ ರಸ್ತೆ, ಶಾಲೆಯ ಬಸ್ಸು, ಬೆಂಕಿ ಆರಿಸುವ ವಾಹನ ಎಲ್ಲದರ ಖರ್ಚೂ ಸಾರ್ವಜನಿಕರ ಮೇಲೆಯೇ ಬೀಳುತ್ತದೆ, ನೀರು ಮತ್ತು ವನ್ಯಮೃಗಗಳ ದಾರಿ ಕೆಡುತ್ತದೆ ಎಂಬುದು ಅದಕ್ಕೆ ಸಮಾಧಾನ. ಬೆಲೆಯನ್ನು ಉಬ್ಬಿಸಿ ತೆರಿಗೆಯ ರಿಯಾಯಿತಿ ಹೊಡೆದುಕೊಂಡ ಪ್ರಕರಣಗಳೂ ಕೊಲೊರಾಡೊದಲ್ಲಿ ನಡೆದು, 2008ರಲ್ಲಿ ರಾಜ್ಯವು ಬಿಗಿಯಾದ ಮೇಲ್ವಿಚಾರಣೆಯ ಕಾನೂನು ಮಾಡಬೇಕಾಯಿತು. ಅದೇ ಮನೆಯ ಇಪ್ಪತ್ತರ ಮೊಮ್ಮಗ ನಮಗೆ ಹೇಳಿದ ಮಾತೂ ತೂಕದ್ದೇ: "ನಾನು ಹುಟ್ಟುವ ಮೊದಲೇ ತಾತ ನನ್ನ ಪರವಾಗಿ ಎಂದೆಂದಿಗೂ ಎಂದು ಬರೆದುಕೊಟ್ಟುಬಿಟ್ಟರು. ಹುಲ್ಲೇ ಬೆಳೆಯದಂಥ ಬರ ಬಂದರೆ ನಾನೇನು ಮಾಡಲಿ?" ತಾತ ಅದಕ್ಕೆ ಉತ್ತರ ಕೊಡಲಿಲ್ಲ, ಅವನ ತಟ್ಟೆಗೆ ಇನ್ನೊಂದು ತುಂಡು ಸಿಹಿ ಬಡಿಸಿದರು.

‘ಎಂದೆಂದಿಗೂ’ ಎಂಬ ಮಾತಿನ ಬಗ್ಗೆ ನಮಗೂ ಒಂದು ಅಳುಕು ಉಂಟಾಯಿತು. ಮಗ ಇನ್ನೊಂದು ದಿನ ನಮ್ಮನ್ನು ನಗರದ ಉತ್ತರದ ಸೋಪ್‌ಸ್ಟೋನ್ ಪ್ರೇರಿ ಎಂಬ ಬಯಲಿಗೆ ಕರೆದೊಯ್ದ. ಫೋರ್ಟ್ ಕಾಲಿನ್ಸ್ ನಗರವು ಕೊಂಡು 2009ರಲ್ಲಿ ಜನರಿಗೆ ತೆರೆದ ಹುಲ್ಲುಗಾವಲದು. ಅಲ್ಲಿರುವ ಲಿಂಡನ್‌ಮೆಯರ್ ಎಂಬ ನೆಲೆಯಲ್ಲಿ ಹತ್ತು ಸಾವಿರ ವರ್ಷಕ್ಕೂ ಹಿಂದೆ ಮನುಷ್ಯರು ಬೀಡುಬಿಟ್ಟಿದ್ದ ಕುರುಹುಗಳು ದೊರೆತಿವೆ. 1851ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಅಮೆರಿಕದ ಸರ್ಕಾರ ಈ ಸೀಮೆಯನ್ನು ಅರಾಪಾಹೋ ಮತ್ತು ಶೆಯೆನ್ ಜನರದೆಂದು ಬರೆದುಕೊಟ್ಟಿತ್ತು. ಆ ಬರಹ ಹತ್ತು ವರ್ಷ ಕೂಡ ಸರಿಯಾಗಿ ನಿಲ್ಲಲಿಲ್ಲ. ಕಾಗದದ ಮೇಲಿನ ಶಾಶ್ವತ ಉಳಿಯುವುದು ಅದನ್ನು ಕಾಯುವವರು ಇರುವ ತನಕ ಮಾತ್ರ ಎಂಬುದನ್ನು ಆ ನೆಲವೇ ಹೇಳುತ್ತಿತ್ತು. ವರ್ಷಕ್ಕೊಮ್ಮೆ ಕಡತ ಹಿಡಿದು ಬರುವ ಆ ತಪಾಸಣೆಯವರ ಮಹತ್ವ ನಮಗೆ ಅಲ್ಲಿ ಅರ್ಥವಾಯಿತು.

ಸೆಪ್ಟೆಂಬರಿನಲ್ಲಿ ಧಾರವಾಡಕ್ಕೆ ಮರಳಿದ ವಾರದಲ್ಲಿಯೇ ಹುಬ್ಬಳ್ಳಿಗೆ ಹೋದೆವು. ತಂಗಿ ಬಾಗಿಲು ತೆರೆದು, ಏನೂ ನಡೆದಿಲ್ಲವೆಂಬಂತೆ ನೀರು ತಂದುಕೊಟ್ಟಳು. ನಾವು ಕಂಡುಬಂದ ಹುಲ್ಲುಗಾವಲಿನ ಕಥೆಯನ್ನೇ ಹೇಳಿದೆವು. ಆದರೆ ಕಥೆಯ ಕೊನೆಗೆ ತೊಡಕು ಎದುರಾಯಿತು. ನಮ್ಮಲ್ಲಿ ಆ ನಡುವಿನ ಬೆಲೆಯನ್ನು ಕೊಡುವ ಕೌಂಟಿ ಎಲ್ಲಿದೆ? ಹೊಲವನ್ನು ಬಿನ್‌ಶೇತ್ಕಿ ಮಾಡಿಸಲು ಕಚೇರಿಯಿದೆ, ಮಾಡಿಸದೆ ಉಳಿಸಿದವನ ಕೈಗೆ ಏನನ್ನಾದರೂ ಕೊಡುವ ಕಚೇರಿಯಿಲ್ಲ. 2020ರ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾದ್ದರಿಂದ ಕೇಳುವವರು ಹೆಚ್ಚಿದ್ದಾರೆ. ತಂಗಿಗೆ ಜೋಳದ ಹೊಲದ ಬೆಲೆ ಕೊಟ್ಟರೆ ಆಕೆಗೆ ಅನ್ಯಾಯ; ಸೈಟಿನ ಬೆಲೆ ಕೊಡುವ ಶಕ್ತಿ ನಮಗಿಲ್ಲ.

ಎರಡೂ ಮನೆಯವರು ಕುಳಿತು ನಾಲ್ಕಾರು ಸಲ ಮಾತನಾಡಿದೆವು. ಮಗ ಮರಳಿ ಬಂದರೆ ಮನೆ ಕಟ್ಟಿಸಲೆಂದು ಪಿಂಚಣಿಯ ಇಡಿಗಂಟಿನಲ್ಲಿ ಕೊಂಡಿದ್ದ ನಿವೇಶನವನ್ನು ನಾವು ಮಾರಿದೆವು. ಅವನೂ ಫೋನಿನಲ್ಲಿ ಒಪ್ಪಿಗೆ ಕೊಟ್ಟ. ಆ ಹಣ ಹೊಲದ ಬೆಲೆಗಿಂತ ಹೆಚ್ಚು, ಸೈಟಿನ ಬೆಲೆಗಿಂತ ಬಹಳ ಕಡಿಮೆ. ಉಳಿದುದನ್ನು ತಂಗಿ ಬಿಟ್ಟುಕೊಟ್ಟಳು. ಆದರೆ ಒಂದು ಮಾತು ಹಾಕಿದಳು: "ನಾ ಬಿಟ್ಟಿದ್ದು ಹೊಲ ಹೊಲವಾಗೇ ಇರಲಿ ಅಂತ. ಮುಂದ ನೀವಾಗಲಿ ನಿಮ್ಮ ಮಗನಾಗಲಿ ಸೈಟು ಮಾಡಿ ಮಾರಿದರ, ಬಂದ ಹೆಚ್ಚಿನ ರೊಕ್ಕದಾಗ ಅರ್ಧ ನನ್ನ ಮಗಳಿಗೆ." ನ್ಯಾಯವಾದ ಮಾತು. ಹಾಗೆಂದೇ ಪತ್ರ ಬರೆಸಿದೆವು. ನಾವೂ ಸಹಿ ಮಾಡಿದೆವು, ಮಗನೂ ಮಾಡಿದ. ವಕೀಲರು ಮಾತ್ರ ಎಚ್ಚರಿಸಿದರು: ಇದು ಸಹಿ ಮಾಡಿದವರನ್ನು ಕಟ್ಟಬಹುದು, ಮುಂದೆ ಹೊಲ ಕೊಳ್ಳುವವರನ್ನು ಕಟ್ಟುವುದು ಕಷ್ಟ. ಕೊಲೊರಾಡೊದ ಆ ಹಿರಿಯರ ಪತ್ರಕ್ಕೂ ನಮ್ಮ ಪತ್ರಕ್ಕೂ ಇರುವ ಅಂತರ ಅದೇ. ಅವರ ಬೆನ್ನ ಹಿಂದೆ ಒಂದು ಕೌಂಟಿಯ ಮತದಾರರು ಸೆಂಟು ಸೆಂಟಾಗಿ ಕೂಡಿಸಿದ ಹಣ ಮತ್ತು ಅದನ್ನು ಕಾಯುವ ಕಾನೂನು ಇವೆ. ನಮ್ಮದರ ಹಿಂದೆ ಎರಡು ಮನೆಯವರ ಮಾತು ಮಾತ್ರ ಇದೆ.

ಭೂಮಿ ಉಳಿಯಬೇಕೆನ್ನುವ ಸಮಾಜವು ಅದರ ಬೆಲೆಯ ಒಂದು ಪಾಲನ್ನು ತಾನೂ ಹೊರಲು ಸಿದ್ಧವಿರಬೇಕೆಂಬುದು ನಮ್ಮ ನಮ್ರ ಅಭಿಪ್ರಾಯ. ಪಾಲಿಕೆ, ಪಂಚಾಯತಿಗಳು ಅಂಥದನ್ನು ಯೋಚಿಸುವ ಕಾಲ ಬಂದರೆ ಒಳ್ಳೆಯದು. ಅದು ಬರುವ ತನಕ, ಪಿತ್ರಾರ್ಜಿತವನ್ನು ಮಾರಬಾರದೆಂದು ಹಟ ಹಿಡಿದಿರುವ ನಮ್ಮಂಥ ಅಣ್ಣಂದಿರು, ಅತ್ತಿಗೆಯರು ಒಮ್ಮೆ ತಂಗಿಯ ಮನೆಗೆ ಹೋಗಿ ಆಕೆಯ ಲೆಕ್ಕವನ್ನೂ ಕೇಳಿ ಬರಬೇಕೆಂದು ಕೋರುತ್ತೇವೆ. ಈ ಸಲದ ಎಳ್ಳಮಾವಾಸ್ಯೆಗೆ ತಂಗಿ ಮಗಳೊಡನೆ ಬಂದಿದ್ದಳು. ಹೊಲದ ನಡುವೆ ಜೋಳ ಎದೆಯೆತ್ತರ ನಿಂತಿತ್ತು. ಎಲ್ಲರೂ ಸೇರಿ ಚರಗ ಚೆಲ್ಲಿ, ಬದುವಿನ ಮೇಲೆ ಕುಳಿತು ಊಟ ಮಾಡಿದೆವು.